ತಿಳಿನೀರು ಕೇಳಿದವಳು ನಾನೇ, ಸಾಹೇಬರೇ

ಮಾನ್ಯರೇ,

ಜಲಾಶಯದ ನೀರನ್ನು ನೋಡಿಕೊಳ್ಳುವ ದೊಡ್ಡ ಸಾಹೇಬರಾದ ತಮ್ಮ ಮೇಲೆ ನನ್ನದೊಂದು ದೂರಿದೆ. ಇಷ್ಟು ವರ್ಷ ನಮ್ಮ ಬೀದಿಯವರು ತಮ್ಮ ಬಾಗಿಲಿಗೆ ಹೊತ್ತು ತಂದ ದೂರೆಲ್ಲ ಒಂದೇ: ತಾವು ನಮ್ಮ ಮಾತು ಕೇಳುವುದಿಲ್ಲ. ನನ್ನದು ಬೇರೆ. ತಾವು ನನ್ನ ಮಾತು ಕೇಳಿದಿರಿ, ಅದೇ ನನ್ನ ದೂರು. ನೀರು ತಿಳಿಯಾಗಬೇಕು ಎಂದು ನಾನು ತಮ್ಮ ಮೇಜು ಕುಟ್ಟಿದೆ, ತಾವು ತಿಳಿ ಮಾಡಿಸಿಕೊಟ್ಟಿರಿ. ಆ ತಿಳಿನೀರು ಕುಡಿದು ನನ್ನ ಓರಗಿತ್ತಿ ಆಸ್ಪತ್ರೆ ಸೇರಿದಳು. ಕುಡಿಸಿದವಳು ನಾನು. ಆದ್ದರಿಂದ ಈ ಪತ್ರದಲ್ಲಿ ಯಾರನ್ನು ಬೈಯುತ್ತಿದ್ದೇನೆ ಎಂದು ನಡುನಡುವೆ ತಮಗೆ ಗೊತ್ತಾಗದೆ ಹೋದರೆ ಗಾಬರಿಯಾಗಬೇಡಿ. ನನಗೂ ಗೊತ್ತಾಗುವುದಿಲ್ಲ.

ನಾನು ಹಳ್ಳಿ ಶಾಲೆಯಲ್ಲಿ ಅಕ್ಷರ ಕೂಡಿಸುವಷ್ಟು ಕಲಿತು ಬಿಟ್ಟವಳು. ತಪ್ಪು ತಿದ್ದಿದವಳು ಮೊಮ್ಮಗಳು. ಅವಳು ತಮ್ಮ ಹುದ್ದೆಯ ಹಿಂದೆ "ಘನತೆವೆತ್ತ" ಎಂದು ಸೇರಿಸಲು ಹೋದಳು. "ಆಫೀಸಿಗೆ ಹಂಗೇ ಬರೀಬೇಕು ಅಜ್ಜಿ" ಅಂದಳು. "ಉತ್ತರ ಬರ್ಲಿ, ಘನತೆ ಎಷ್ಟಿದೆ ನೋಡ್ಕೊಂಡು ಹಾಕೋಣ" ಅಂದೆ. ಜಾಗ ಬಿಟ್ಟಿದ್ದೇನೆ.

ನನ್ನ ಕೆಲಸ ಬಟ್ಟೆ ಒಗೆಯುವುದು. ತಮ್ಮ ಇಲಾಖೆಯದೇ ವಿದ್ಯುತ್ ಸ್ಥಾವರದ ಕೆಲಸಗಾರರು ತೊಡುವ ನೀಲಿ ಅಂಗಿ ಪ್ಯಾಂಟುಗಳು, ಗ್ರೀಸು ಮೆತ್ತಿ ತಗಡಿನಂತೆ ನಿಲ್ಲುವಂಥವು, ನಮ್ಮ ಮನೆಗೆ ಬರುತ್ತವೆ. ಮಗಳು ಇಸ್ತ್ರಿ ಮಾಡುತ್ತಾಳೆ, ಒಗೆಯುವುದು ನಾನು ಮತ್ತು ಬೀದಿಯ ಇನ್ನೊಂದಿಷ್ಟು ಹೆಂಗಸರು. ನಾವು ಒಗೆಯುವ ಜಾಗ ತಮಗೆ ಚೆನ್ನಾಗಿ ಗೊತ್ತು. ಸ್ಥಾವರವು ಜಲಾಶಯದಿಂದ ನೀರು ಎಳೆದುಕೊಂಡು, ತನ್ನ ಯಂತ್ರಗಳ ಬಿಸಿಯನ್ನೆಲ್ಲ ಅದಕ್ಕೆ ಹಚ್ಚಿ, ಮತ್ತೆ ಜಲಾಶಯಕ್ಕೇ ಬಿಡುವ ಕಾಲುವೆ ಇದೆಯಲ್ಲ, ನಾವು ಬಿಸಿ ಕಾಲುವೆ ಅನ್ನುವುದು, ಅದರ ದಂಡೆ. ಗ್ರೀಸು ತಣ್ಣೀರಿಗೆ ಜಗ್ಗುವುದಿಲ್ಲ. ಬಿಸಿನೀರಿಗೆ ಸೌದೆ ಸುಡಬೇಕಿಲ್ಲ, ಬೆನ್ನಿಗೂ ಹಿತ. ಹೆಚ್ಚಿಗೆ ಸಾಬೂನಿನ ಪುಡಿ ಹಾಕು, ಕುಕ್ಕು, ಜಾಲಿಸು, ನೊರೆಯನ್ನು ಕಾಲುವೆಗೆ ಬಿಡು. ನೊರೆ ತೇಲಿಕೊಂಡು ಜಲಾಶಯಕ್ಕೆ ಹೋಗುವುದನ್ನು ನೋಡಿ ಮದುವೆ ದಿಬ್ಬಣ ಹೊರಟ ಹಾಗಿದೆ ಎಂದು ನಾನೇ ಹಾಸ್ಯ ಮಾಡಿದ್ದುಂಟು. ದಿಬ್ಬಣ ಯಾರ ಮನೆಗೆ ಹೊರಟಿತ್ತು ಎಂದು ಆಮೇಲೆ ತಿಳಿಯಿತು.

ಈ ಬೇಸಿಗೆಯಲ್ಲಿ ನೀರು ಹಸಿರಾಯಿತು. ಹಸಿರು ಎಂದರೆ ಕಲ್ಲಿಗೆ ಹತ್ತುವ ಪಾಚಿಯಲ್ಲ; ಯಾರೋ ಬಣ್ಣದ ಡಬ್ಬಿ ಮಗುಚಿದಂತೆ ದಡದುದ್ದಕ್ಕೂ ದಪ್ಪ ಕೆನೆ. ಕೋಲು ಅದ್ದಿದರೆ ಕೋಲಿಗೆ ಬಣ್ಣ. ಒದ್ದೆ ಬಟ್ಟೆಯನ್ನು ಮುದುರಿ ಮೂಲೆಗೆಸೆದು ಮರೆತು, ವಾರದ ಮೇಲೆ ಬಿಚ್ಚಿದರೆ ಬರುತ್ತದಲ್ಲ, ಆ ನಾತ. ನಮ್ಮ ನಲ್ಲಿಗಳಿಗೂ ಇದೇ ಜಲಾಶಯದ ನೀರು. ತಾವು ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಕಳಿಸುತ್ತೀರಿ. ಅಷ್ಟಾದರೂ ಲೋಟದಲ್ಲಿ ತೆಳ್ಳಗೆ ಹಸಿರು ಕಾಣುತ್ತಿತ್ತು.

ಆಗ ನನ್ನ ಓರಗಿತ್ತಿ ಶಾಲೆಯ ಹಿಂದಿನ ಕೈಪಂಪಿಗೆ ಹೋಗಿ ನೀರು ತರತೊಡಗಿದಳು. ಅವಳು ನನ್ನ ಗಂಡನ ತಮ್ಮನ ಹೆಂಡತಿ. ಗಂಡಂದಿರಿಬ್ಬರೂ ಹೋಗಿ ಬಹಳ ಕಾಲವಾಯಿತು. ಉಳಿದಿರುವುದು ನಾವಿಬ್ಬರು ಮತ್ತು ನಡುವೆ ಒಂದು ಗೋಡೆ. ಆ ಗೋಡೆಯ ಮೇಲಿಂದ ನಾವು ಆಡಿದ ಜಗಳಗಳಿಗೆ ಲೆಕ್ಕವಿಲ್ಲ. ಬೀದಿಯಲ್ಲಿ ಅವಳನ್ನು ಸೋಸುಗಣ್ಣಿ ಅನ್ನುತ್ತಾರೆ. ಅಕ್ಕಿಯಲ್ಲಿ ಕಲ್ಲು, ಸೀರೆಯಲ್ಲಿ ತೂತು, ಮಾತಿನಲ್ಲಿ ಸುಳ್ಳು, ಯಾವುದೂ ಅವಳ ಕಣ್ಣಿನಿಂದ ಜಾರುವುದಿಲ್ಲ. ಹಿಂದೊಮ್ಮೆ ಕಾಮಾಲೆ ಬಂದು ಸತ್ತು ಬದುಕಿದವಳು, ಆಗಿನಿಂದ ಬಾಯಿಗೆ ಹೋಗುವ ಪ್ರತಿಯೊಂದನ್ನೂ ವಿಚಾರಣೆ ಮಾಡಿ ಒಳಗೆ ಬಿಡುತ್ತಾಳೆ.

ನಾನು ಹಾಗಲ್ಲ. ನನ್ನದು ಬಾಯಿ. ಬೀದಿಯ ಹೆಂಗಸರನ್ನು ಕಟ್ಟಿಕೊಂಡು, ಬಾಟಲಿಯಲ್ಲಿ ಹಸಿರು ನೀರು ತುಂಬಿಸಿಕೊಂಡು ತಮ್ಮ ಕೋಣೆಗೆ ನುಗ್ಗಿದೆ. ಫ್ಯಾನಿನ ಕೆಳಗೆ ಕೂತಿದ್ದಿರಿ. ತಮ್ಮ ಮೇಜಿನ ಮೇಲೆ ಕಂಪನಿಯ ಮುದ್ರೆಯಿದ್ದ ನೀರಿನ ಬಾಟಲಿ, ಅದರ ಪಕ್ಕಕ್ಕೆ ನಾನು ನಮ್ಮದನ್ನು ಇಟ್ಟೆ. "ಬೇಸಿಗೆ ಪಾಚಿ ಇದು ಅಮ್ಮ. ಕಾಯಿಸಿ ಕುಡೀರಿ" ಎಂದಿರಿ. "ಕಾಯಿಸಿದ್ರೆ ಹಸಿರು ಬಿಸಿ ಆಗುತ್ತೆ ಸ್ವಾಮಿ, ಬಿಳಿ ಆಗಲ್ಲ" ಎಂದೆ. ಹೆಂಗಸರೆಲ್ಲ ನಕ್ಕರು. ತಮ್ಮ ಗುಮಾಸ್ತರೂ ಮುಖ ತಿರುಗಿಸಿಕೊಂಡು ನಕ್ಕರು. ಆ ನಗು ನನ್ನ ತಲೆಗೇರಿತು. "ನಮಗೆ ನಿಮ್ಮ ಮಾತು ಬೇಡ, ತಿಳಿನೀರು ಬೇಕು. ಲೋಟದ ಆಚೆ ನನ್ನ ಬೆರಳು ಕಾಣಬೇಕು, ಅಷ್ಟೇ" ಎಂದು ಮೇಜು ಕುಟ್ಟಿದೆ.

ನೀರಿನಲ್ಲಿ ಏನಿದೆ ಎಂದು ಒಂದು ಮಾತು ಕೇಳಲಿಲ್ಲ ನಾನು. ಕಣ್ಣಿಗೆ ಕಾಣದಿದ್ದರೆ ಸಾಕು ಎಂದೆ. ಕಣ್ಣಿಗೆ ಕಾಣದಂತೆ ಮಾಡುವುದು ತಮ್ಮಂಥ ಕಚೇರಿಗಳಿಗೆ ಎಷ್ಟು ಸುಲಭದ ಕೆಲಸ ಎನ್ನುವುದನ್ನು ಈ ವಯಸ್ಸಿನಲ್ಲಾದರೂ ನಾನು ತಿಳಿದಿರಬೇಕಿತ್ತು!

ಹೆಚ್ಚು ದಿನ ಕಾಯಿಸಲಿಲ್ಲ ತಾವು. ದೋಣಿಗಳು ಬಂದವು. ಮೂಟೆಗಳು ಬಂದವು. ಮೂಟೆಯ ಬಾಯಿ ಬಿಚ್ಚಿದಾಗ ನೀಲಿ ಹರಳು: ಮೈಲುತುತ್ತ. ಬೆಳೆಯ ರೋಗಕ್ಕೆ ಹೊಡೆಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಗುರುತು ಸಿಕ್ಕಿತು. ದೋಣಿಯವರು ಅದನ್ನು ನೀರಿಗೆ ಚೆಲ್ಲುತ್ತ ಹೋದರು. ನಾನು ದಂಡೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, ಹಿಂದಿದ್ದ ಹೆಂಗಸರಿಗೆ ಕೇಳುವಂತೆ "ನೋಡಿದ್ರಾ? ಬಾಯಿ ಇದ್ರೆ ದೋಣಿ ಬರುತ್ತೆ" ಎಂದೆ. ಸ್ಥಾವರವು ನೀರೆಳೆಯುವ ಜಾಲರಿಗಳಿಗೆ ಅದೇ ಹಸಿರು ಮೆತ್ತಿಕೊಂಡು ಯಂತ್ರ ನಿಲ್ಲುವ ಹಾಗಾಗಿತ್ತು, ಮೂಟೆಗಳು ಬಂದದ್ದು ಜಾಲರಿಗೆ ಹೊರತು ನನ್ನ ಬಾಯಿಗಲ್ಲ ಎನ್ನುವುದನ್ನು ಆಮೇಲೆ ಕೇಳಿದೆ. ಇರಲಿ. ಆವತ್ತು ಮಾತ್ರ ನಾನು ರಾಣಿ.

ಎರಡು ಮೂರು ದಿನ ಸತ್ತ ವಾಸನೆ. ಆಮೇಲೆ ನೀರು ಕನ್ನಡಿಯಾಯಿತು. ಬೀದಿಯ ನಲ್ಲಿಯ ಮುಂದೆ ಲೋಟ ತುಂಬಿಸಿ, ಆಚೆಯಿಂದ ಬೆರಳು ತೋರಿಸಿ, ಎಲ್ಲರ ಎದುರಿಗೆ ಗಟಗಟ ಕುಡಿದೆ. "ನೀರು ತಿಳಿಯಾಯ್ತು, ಬನ್ರೇ" ಎಂದು ಬೀದಿಯ ಈ ತುದಿಯಿಂದ ಆ ತುದಿಗೆ ಕೂಗಿದವಳು ನಾನು. ತಮ್ಮ ಇಲಾಖೆಗೆ ಇಂಥ ಜಾಹೀರಾತು ಬಿಟ್ಟಿಯಾಗಿ ಯಾರು ಮಾಡಿಕೊಡುತ್ತಾರೆ?

ಸೋಸುಗಣ್ಣಿ ಮಾತ್ರ ಬರಲಿಲ್ಲ. ಗೋಡೆಯ ಮೇಲಿಂದ ಕತ್ತು ಹಾಕಿದಳು. "ಒಂದು ಮಾತು ಕೇಳ್ಲಾ ಅಕ್ಕ? ಅಷ್ಟೊಂದು ಹಸಿರಿತ್ತಲ್ಲ, ಅದೆಲ್ಲಿ ಹೋಯ್ತು?"

"ಸತ್ತೋಯ್ತು."

"ಸತ್ತಿದ್ದು ಎಲ್ಲಿದೆ?"

"ನಿನ್ನ ತಲೇಲಿದೆ. ಹೋಗೇ, ಪಂಪು ಹೊಡಿ ಹೋಗು."

ಆ ಪ್ರಶ್ನೆಯನ್ನು ಇಡೀ ಇಲಾಖೆಯಲ್ಲಿ ಒಬ್ಬರಾದರೂ ಬಾಯಿಬಿಟ್ಟು ಕೇಳಿದ್ದರೆ? ನಾನಾದರೂ ಒಂದು ನಿಮಿಷ ತಲೆಗೆ ಹಾಕಿಕೊಂಡಿದ್ದರೆ? ಹಾಕಿಕೊಳ್ಳಲಿಲ್ಲ. ಅವಳು ನನ್ನ ಗೆಲುವಿಗೆ ಕಲ್ಲು ಹಾಕುತ್ತಿದ್ದಾಳೆ ಎಂದೇ ಉರಿದುಕೊಂಡೆ.

ಆ ವಾರವೇ ಅವಳ ಮೊಣಕಾಲು ಊದಿತು. ಹೊಸ್ತಿಲು ದಾಟುವುದೂ ಕಷ್ಟ. ಗೋಡೆಗೆ ಆನಿಕೊಂಡು ಬಂದು ಕೊಡ ನನ್ನ ಕೈಗೆ ಕೊಟ್ಟಳು. "ನಿನಗೆ ಬೇಜಾರಿಲ್ದಿದ್ರೆ ಪಂಪಿಂದ ಒಂದು ಕೊಡ ತಂದ್ಕೊಡು ಅಕ್ಕ." ಅವಳು ಬಾಯಿಬಿಟ್ಟು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಬಹಳ ಕಡಿಮೆ. ಹೂಂ ಎಂದೆ. ಕೊಡ ಹಿಡಿದು ಪಂಪಿನ ದಾರಿಗೂ ಹೊರಟೆ. ಬೀದಿಯ ನಲ್ಲಿಯ ಹತ್ತಿರ ಬಂದಾಗ ಕಾಲು ನಿಂತಿತು. ಕನ್ನಡಿಯಂಥ ನೀರು ಇಲ್ಲೇ ಸುರಿಯುತ್ತಿರುವಾಗ, ಈ ಬಿಸಿಲಲ್ಲಿ, ಇವಳ ಕೊಂಕಿಗೆ ನಾನು ಪಂಪಿನ ಹಿಡಿ ಜಗ್ಗಬೇಕೆ? ನಲ್ಲಿಯಲ್ಲೇ ತುಂಬಿಸಿದೆ. ಪಂಪಿಗೆ ಹೋಗಿಬರುವಷ್ಟು ಹೊತ್ತು ನೆರಳಲ್ಲಿ ಕೂತು, ಸೆರಗಿನಿಂದ ಬೆವರು ಒರೆಸಿಕೊಳ್ಳುವಂತೆ ನಟಿಸುತ್ತ ಅವಳ ಮನೆಗೆ ಬಂದೆ.

ಒಂದು ಲೋಟ ಬಗ್ಗಿಸಿಕೊಂಡು ಕುಡಿದಳು. "ನೋಡು, ಪಂಪಿನ ನೀರಂದ್ರೆ ಇದು. ಗಂಟಲಿಗೆ ಎಷ್ಟು ತಂಪು! ನಿನ್ನ ಸಾಹೇಬರ ನೀರು ಇದರ ಕಾಲು ತೊಳೀಬೇಕು" ಅಂದಳು. ನನ್ನ ಮನೆಗೆ ಬಂದು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಮಾರನೆಯ ದಿನವೂ ತಂದೆ, ಅದರ ಮಾರನೆಯ ದಿನವೂ. ಒಂದಿಷ್ಟು ದಿನ ಕುಡಿಸಿ, ಆಮೇಲೆ ಎಲ್ಲರ ಮುಂದೆ ಗುಟ್ಟು ಬಿಚ್ಚಿ, ಅವಳ ಸೋಸುಗಣ್ಣಿನ ಜಂಬ ಇಳಿಸುವುದು ನನ್ನ ಲೆಕ್ಕಾಚಾರ. ಬಿಸಿ ಕಾಲುವೆಯ ಹೆಂಗಸರಿಗೆ ಹೇಳಿದೆ. "ಇನ್ನೆರಡು ದಿನ ತಡೀರಿ ಅಜ್ಜಿ, ಇನ್ನೂ ಮಜಾ ಇರುತ್ತೆ" ಅಂದರು. ತಡೆದೆ.

ಆ ಎರಡು ದಿನಗಳ ವಿಷಯ ನನಗೆ ಮರೆಯಲಾಗುತ್ತಿಲ್ಲ.

ಬೀದಿಯಲ್ಲಿ ಬಹಳ ಜನಕ್ಕೆ ಹೊಟ್ಟೆನೋವು ಬಂತು, ವಾಂತಿಯಾಯಿತು, ನನಗೂ ಆಯಿತು. ಬಿಸಿಲು ಎಂದುಕೊಂಡೆವು. ಎಲ್ಲರೂ ಎದ್ದು ಕೂತೆವು, ಅವಳು ಏಳಲಿಲ್ಲ. ಅವಳ ಕಣ್ಣಿನ ಬಿಳಿ ಹಳದಿಯಾಯಿತು. ಆಸ್ಪತ್ರೆಯ ಉದ್ದನೆಯ ಕೋಣೆ, ಕಿಟಕಿ ಪಕ್ಕದ ಮಂಚ, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಏನು ತಿಂದಿರಿ, ಏನು ಕುಡಿದಿರಿ ಎಂದೆಲ್ಲ ಕೇಳಿದರು. "ನಾನು ಪಂಪಿನ ನೀರು ಬಿಟ್ಟು ಬೇರೆ ಮುಟ್ಟಲ್ಲ ಡಾಕ್ಟ್ರೇ, ನಮ್ಮಕ್ಕನೇ ತಂದ್ಕೊಡ್ತಾಳೆ, ಬೇಕಾದ್ರೆ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದಳು. ಡಾಕ್ಟರಮ್ಮ ನನ್ನ ಮುಖ ನೋಡಿದರು. ತಮ್ಮ ಮೇಜು ಕುಟ್ಟಿದ ಕೈಯಿಂದ ನಾನು ಅವಳ ಹೊದಿಕೆಯ ಅಂಚು ಸರಿಮಾಡಿದೆ.

ಹೊರಗಿನ ಪಡಸಾಲೆಗೆ ಅವರ ಹಿಂದೆಯೇ ಹೋಗಿ ಹೇಳಿದೆ. ಹಸಿರಿದ್ದದ್ದು, ಮೈಲುತುತ್ತ ಚೆಲ್ಲಿದ್ದು, ನೀರು ತಿಳಿಯಾಗಿದ್ದು, ಕೊಡದ ವಿಷಯ, ಎಲ್ಲ. ಅವರು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. "ಅದು ನಾವಂದುಕೊಳ್ಳೋ ಪಾಚಿ ಅಲ್ಲ ಅಜ್ಜಿ. ಸಯನೋಬ್ಯಾಕ್ಟೀರಿಯಾ ಅಂತ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ, ಕೋಟಿಗಟ್ಟಲೆ ಸೇರಿ ಹಂಗೆ ಹಸಿರಾಗಿ ಕಾಣುತ್ತೆ. ಎಲ್ಲವೂ ಕೆಟ್ಟದ್ದಲ್ಲ. ಕೆಲವು ವಿಷ ಮಾಡ್ತವೆ. ಬದುಕಿರೋವಾಗ ಆ ವಿಷ ಹೆಚ್ಚಾಗಿ ಅವುಗಳ ಒಳಗೇ ಇರುತ್ತೆ. ಔಷಧಿ ಹಾಕಿ ಒಟ್ಟಿಗೇ ಸಾಯಿಸಿದ್ರೆ ಒಡೆದು ನೀರಿಗೆ ಬಿಟ್ಟುಬಿಡ್ತವೆ. ಬಣ್ಣ ಹೋಗುತ್ತೆ, ವಿಷ ಉಳಿಯುತ್ತೆ."

"ಕಾಯಿಸಿದ್ರೆ?"

"ಕಾಯಿಸಿದ್ರೂ ಹೋಗಲ್ಲ. ಅದು ನೇರ ಪಿತ್ತಜನಕಾಂಗಕ್ಕೇ ಹೋಗುತ್ತೆ. ಇವರದು ಮೊದಲೇ ಸೋತಿರೋದು."

ಅಷ್ಟೊಂದು ಸೊಕ್ಕಾಗಿ ಅದು ಬೆಳೆದದ್ದು ಯಾಕೆ ಎಂದು ಕೇಳಿದೆ. ಬೆಚ್ಚನೆಯ ನೀರು, ನಿಂತ ನೀರು, ಸಾಬೂನು ಗೊಬ್ಬರಗಳ ಸಾರ, ಇವು ಸಿಕ್ಕರೆ ಅದಕ್ಕೆ ಹಬ್ಬ ಎಂದರು. ತಮ್ಮ ಬಿಸಿನೀರು, ನನ್ನ ಸಾಬೂನು. ನೋಡಿದಿರಾ ಸಾಹೇಬರೇ, ಪರಸ್ಪರ ಮುಖ ಪರಿಚಯವಿಲ್ಲದೆ ನಾವಿಬ್ಬರೂ ಸೇರಿ ಅದನ್ನು ಸಾಕಿದ್ದೆವು. ತಾವು ಹಾಸಿಗೆ ಬೆಚ್ಚಗಿಟ್ಟಿರಿ, ನಾನು ಊಟ ಹಾಕಿದೆ. ಇದರಿಂದಲೇ ಹೀಗಾಯಿತು ಎಂದು ಖಂಡಿತವಾಗಿ ಬರೆದುಕೊಡಲು ಆ ದಿನಗಳ ನೀರು ಬೇಕು ಎಂದರು ಡಾಕ್ಟರಮ್ಮ. ಕೊಡದ ತಳದಲ್ಲಿ ಸ್ವಲ್ಪವಾದರೂ ಉಳಿದಿದೆಯೇ? ಉಳಿದಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಸಾಗಿಸಿದ ದಿನ, ಬೇರೇನು ಮಾಡಲೂ ತೋಚದೆ, ನಾನು ಅವಳ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದು ಕವುಚಿಟ್ಟಿದ್ದೆ. ತೊಳೆಯುವುದೇ ನನ್ನ ಕಸುಬು, ಸಾಕ್ಷಿಯನ್ನೂ ತೊಳೆದೆ. ತಮಗೆ ಇದರಿಂದ ಎಷ್ಟು ಅನುಕೂಲವಾಯಿತು ಎನ್ನುವುದು ನನಗೆ ಗೊತ್ತು.

ತಮ್ಮ ಕೋಣೆಗೆ ಎರಡನೆಯ ಸಲ ಬಂದಾಗ ಒಬ್ಬಳೇ ಬಂದೆ, ಮೇಜು ಕುಟ್ಟಲಿಲ್ಲ. ತಾವು ಕುರ್ಚಿ ತೋರಿಸಿದಿರಿ, ಅದನ್ನು ಮರೆಯುವುದಿಲ್ಲ. ಹಸಿರನ್ನು ಕೊಂದರೆ ವಿಷ ನೀರಿಗಿಳಿಯುತ್ತದೆಂದು ತಮಗೆ ಗೊತ್ತಿತ್ತೇ ಎಂದು ಕೇಳಿದೆ. "ಅದು ಗೊತ್ತಿರೋ ವಿಷಯವೇ ಅಜ್ಜಿ. ಪುಸ್ತಕದಲ್ಲೇ ಇದೆ" ಎಂದಿರಿ. ಹಾಗಾದರೆ ಆ ದಿನಗಳಲ್ಲಿ ನಲ್ಲಿ ನಿಲ್ಲಿಸಿ ಬೇರೆ ನೀರು ಯಾಕೆ ಕೊಡಲಿಲ್ಲ? ಕುಡಿಯಬೇಡಿ ಎಂದು ಒಂದು ಮಾತು ಯಾಕೆ ಹೇಳಲಿಲ್ಲ? "ಹೇಳಿದ್ರೆ ಜನ ಗಾಬರಿ ಆಗ್ತಾರೆ. ಆಮೇಲೆ ನೋಡಿ, ತಿಳಿನೀರು ಬೇಕು ಅಂತ ನೀವೇ ಕೇಳಿದ್ದಲ್ವಾ?"

ಎದ್ದು ಬಂದೆ. ದಾರಿಯುದ್ದಕ್ಕೂ ತಮಗೆ ಶಾಪ ಹಾಕಬೇಕೆಂದು ಬಾಯಿ ತೆರೆದಾಗೆಲ್ಲ ಬಂದದ್ದು ಒಂದೇ: ಹೌದಲ್ಲ, ನಾನೇ ಕೇಳಿದ್ದಲ್ಲ. ಮನೆಯ ಹತ್ತಿರ ಬರುವ ಹೊತ್ತಿಗೆ ಇನ್ನೊಂದೂ ಹೊಳೆಯಿತು. ಅವಳು ನನ್ನನ್ನು ಪಂಪಿನ ನೀರು ಕೇಳಿದ್ದಳು, ನಾನು ಬೇರೆಯದು ಕೊಟ್ಟು ಸುಮ್ಮನಿದ್ದೆ. ನಾನು ತಮ್ಮನ್ನು ಒಳ್ಳೆಯ ನೀರು ಕೇಳಿದ್ದೆ, ತಾವು ಬೇರೆಯದು ಕೊಟ್ಟು ಸುಮ್ಮನಿದ್ದಿರಿ. ನಾನು ಗೋಡೆಯಾಚೆ ನಕ್ಕೆ, ತಾವು ನಕ್ಕಿರೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ. ತಮ್ಮ ಮೇಲೆ ಬೆರಳು ತೋರಿಸಬೇಕಾದರೆ ಮೊದಲು ನಾನು ಅವಳ ಮಂಚದ ಹತ್ತಿರ ಹೋಗಬೇಕಿತ್ತು.

ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು, ಮುಖ ಅರಿಶಿನ. ಸುತ್ತಿ ಬಳಸಿ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. "ಪಂಪಿಂದಲ್ಲ ಕಣೇ. ಒಂದು ದಿನಾನೂ ಪಂಪಿಂದಲ್ಲ. ನಲ್ಲೀದು" ಎಂದೆ.

ಮಂಚದ ಪಕ್ಕದ ಖಾಲಿ ಲೋಟವನ್ನು ತಿರುಗಿಸಿ ನೋಡಿದಳು. ಆಮೇಲೆ, "ನಾನು ರುಚಿ ಬೇರೆ ಹೊಗಳಿದ್ನಲ್ಲೇ ಅಕ್ಕ" ಅಂದಳು.

"ಹೂಂ."

"ನಗ್ತಿದ್ಯಾ, ಗೋಡೆ ಆಚೆ ಕೂತ್ಕೊಂಡು?"

"ಹೂಂ."

"ಬೇರೆಯವರಿಗೂ ಹೇಳಿದ್ಯಾ?"

ಅದಕ್ಕೂ ಹೂಂ ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಮಲಗಿದಳು. ಬೈಯಲಿಲ್ಲ. ಒಂದು ಲೋಟ ಎತ್ತಿ ಎಸೆದಿದ್ದರೆ ತಲೆಯೊಡ್ಡಿ ನಿಲ್ಲುತ್ತಿದ್ದೆ. ಅಲ್ಲಿದ್ದಷ್ಟು ದಿನವೂ ನನ್ನ ಕೈಯಿಂದ ಗಂಜಿ ತಗೊಂಡಳು, ಮಾತ್ರೆ ತಗೊಂಡಳು, ಬಾಚಣಿಗೆ ಕೊಟ್ಟು ತಲೆ ಬಾಚಿಸಿಕೊಂಡಳು. ನೀರು ಮಾತ್ರ ನರ್ಸನ್ನು ಕರೆದು ಇಸಿದುಕೊಳ್ಳುವಳು.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ನೀರು ಮತ್ತೆ ಹಸಿರಾಗುತ್ತದೆ. ಕಾಲುವೆ ಬಿಸಿ ಇರುವವರೆಗೆ ಆಗುತ್ತದೆ, ಮತ್ತೆ ತಮ್ಮ ದೋಣಿಗಳು ಹೊರಡುತ್ತವೆ. ಸ್ಥಾವರ ನಿಲ್ಲಿಸಿ ಎನ್ನಲು ನಾನ್ಯಾರು? ನನ್ನ ಮನೆಯ ದೀಪವೂ ಇಸ್ತ್ರಿಪೆಟ್ಟಿಗೆಯೂ ಅದರಿಂದಲೇ ಉರಿಯುವುದು. ನಾನು ಕೇಳುವುದು ತಮ್ಮ ಸೈರನ್ನು. ಪಾಳಿ ಬದಲಾದಾಗಲೆಲ್ಲ ಕೂಗುತ್ತದಲ್ಲ, ಕಿವುಡರೂ ಮಗ್ಗುಲು ಬದಲಿಸುವಂತೆ? ಕೆಲಸಗಾರ ತಡವಾಗಿ ಬಂದಾನೆಂಬ ಭಯಕ್ಕೆ ಅಷ್ಟು ದೊಡ್ಡ ಗಂಟಲು ಇಟ್ಟುಕೊಂಡಿರುವ ತಾವು, ನೀರಿಗೆ ಮೈಲುತುತ್ತ ಬೀಳುವ ದಿನ ಅದನ್ನು ಒಮ್ಮೆ ಹೆಚ್ಚಿಗೆ ಕೂಗಿಸಲಾರಿರಾ? ಕೂಗಿಸಿ. ಕೂಗಿದ ದಿನದಿಂದ ನಲ್ಲಿ ಮುಚ್ಚಿ, ಟ್ಯಾಂಕರಿನಲ್ಲಿ ಬೇರೆ ಕಡೆಯ ನೀರು ಕಳಿಸಿ. ತಮ್ಮ ನೀರನ್ನು ಕಣ್ಣಿನಿಂದಲ್ಲ, ವಿಷದ ಪರೀಕ್ಷೆಯಿಂದ ನೋಡಿಸಿ. ವಿಷ ಇಲ್ಲ ಎಂದು ಬಂದ ಮೇಲಷ್ಟೇ ನಲ್ಲಿ ತೆಗೆಯಿರಿ, ಆ ಫಲಿತಾಂಶವನ್ನು ನಲ್ಲಿಯ ಪಕ್ಕದ ಗೋಡೆಗೆ ನನ್ನಂಥವಳೂ ಓದುವ ದಪ್ಪ ಅಕ್ಷರದಲ್ಲಿ ಬರೆಸಿ. ಜನ ಗಾಬರಿಯಾಗುತ್ತಾರೆ ಎಂದಿರಲ್ಲ, ಆಗಲಿ. ಗಾಬರಿಯಾದವರು ಪಂಪಿಗೆ ಹೋಗುತ್ತಾರೆ. ಗಾಬರಿಯಾಗದವಳು ಏನು ಮಾಡಿದಳೆಂದು ಇಷ್ಟು ಹೊತ್ತು ಬರೆದೆನಲ್ಲ.

ನನ್ನ ಪಾಲಿನದು ನಾನು ಮಾಡಿದ್ದೇನೆ. ಬಿಸಿ ಕಾಲುವೆಯಲ್ಲಿ ಒಗೆಯುವುದು ಬಿಟ್ಟೆ. ಹಿತ್ತಿಲಲ್ಲಿ ತೊಟ್ಟಿ ಕಟ್ಟಿ, ಸಾಬೂನಿನ ನೀರು ನೆಲಕ್ಕೆ ಇಂಗುವಂತೆ ಗುಂಡಿ ತೆಗೆಸಿದ್ದೇನೆ. ಬೆನ್ನು ನೋಯುತ್ತದೆ, ಗ್ರೀಸು ಮೊದಲಿನಂತೆ ಬಿಡುವುದಿಲ್ಲ. ತಮ್ಮ ಕೆಲಸಗಾರರ ಅಂಗಿಯಲ್ಲಿ ಕಲೆ ಕಂಡರೆ ಅದಕ್ಕೆ ಕಾರಣ ಇದು.

ಓರಗಿತ್ತಿ ಮನೆಗೆ ಬಂದಿದ್ದಾಳೆ. ಮೊದಲಿನ ಹಾಗೆ ಆಗುವುದಿಲ್ಲ ಎಂದಿದ್ದಾರೆ ಡಾಕ್ಟರಮ್ಮ. ಬಂದ ದಿನ ಗೋಡೆಯ ಮೇಲೆ ಖಾಲಿ ಕೊಡ ಇಟ್ಟಳು. ನಾನು ಪಂಪಿಗೆ ಹೋದೆ. ಹಿಡಿ ಜಗ್ಗಿ ಜಗ್ಗಿ ರೆಟ್ಟೆ ಬಿದ್ದುಹೋಗುವ ಹಾಗಾಯಿತು. ತಂದು ಕೊಟ್ಟೆ. ಕುಡಿಯಲಿಲ್ಲ. ಒಂದಿಷ್ಟು ನೀರನ್ನು ತಟ್ಟೆಗೆ ಬಗ್ಗಿಸಿ ಬಿಸಿಲಿಗಿಟ್ಟಳು. ಒಣಗಿದ ಮೇಲೆ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಪಂಪಿನ ನೀರು ಗಡಸು, ಒಣಗಿದರೆ ಸುಣ್ಣದಂಥ ಬಿಳಿ ಕಲೆ ಬಿಡುತ್ತದೆ. ನಲ್ಲಿಯ ನೀರು ಅಷ್ಟು ಬಿಡುವುದಿಲ್ಲ. ಕಲೆ ಇತ್ತು. ಆಮೇಲೆ ಕುಡಿದಳು.

"ಈ ಪರೀಕ್ಷೆ ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತು."

"ಮತ್ತೆ ಆವಾಗ ಯಾಕೆ ನೋಡ್ಲಿಲ್ಲ?"

"ತಂದಿದ್ದು ನೀನಲ್ವಾ" ಅಂದಳು.

ಅಕ್ಕಿ, ಸೀರೆ, ಮಾತು, ಎಲ್ಲವನ್ನೂ ಸೋಸುವವಳು ಈ ಲೋಕದಲ್ಲಿ ಸೋಸದೆ ಬಿಟ್ಟದ್ದು ನನ್ನೊಬ್ಬಳನ್ನು. ಈಗ ದಿನವೂ ತಟ್ಟೆ ಬಿಸಿಲಿಗಿಡುತ್ತಾಳೆ. ಒಣಗುವವರೆಗೆ ನಾನು ಗೋಡೆಯ ಈಚೆ ನಿಂತಿರುತ್ತೇನೆ. ನನಗೆ ಕೋಪ ಬರುವುದಿಲ್ಲ ಸಾಹೇಬರೇ. ತಾವೂ ನಮ್ಮ ಬೀದಿಗೆ ಒಂದು ದಿನ ಬನ್ನಿ, ತಮ್ಮ ನಲ್ಲಿಯ ನೀರನ್ನು ತಮ್ಮ ಕೈಯಾರೆ ಒಂದು ಕೊಡ ಹೊತ್ತು ತನ್ನಿ. ಅವಳು ಪರೀಕ್ಷೆ ಮಾಡುವವರೆಗೆ ನನ್ನ ಪಕ್ಕದಲ್ಲಿ ನಿಂತುಕೊಳ್ಳಿ. ಜಾಗ ಇದೆ.

ಇಂತಿ,
ನೀರು ತಿಳಿಯಾಯಿತೆಂದು ತಮಗಿಂತ ಮೊದಲು ಕೂಗಿದ ಮುದುಕಿ